ಸುಣ್ಣದ ಬಾಣ ತಿರುಗಿದ ಬೆಳಗು

ಪ್ರತಿ ವರ್ಷ ಕಾಲೇಜು ಶುರುವಾದ ಸ್ವಲ್ಪ ದಿನಕ್ಕೆ, ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರೆಲ್ಲ ಒಂದು ಕಡೆ ಕೂತು ಆಟಗಳನ್ನು ಹಂಚಿಕೊಳ್ಳುತ್ತೇವೆ. ಯಾವ ಪಂದ್ಯಾವಳಿಯನ್ನು ಯಾವ ಕಾಲೇಜು ನಡೆಸಬೇಕು ಎಂಬುದು ಅಲ್ಲೇ ತೀರ್ಮಾನ. ಅಣ್ಣತಮ್ಮಂದಿರು ಪಾಲಾಗುವಾಗ ಪಾತ್ರೆಪಡಗ ಎಳೆದಾಡಿದ ಹಾಗೆ ಇರುತ್ತದೆ ಆ ಸಭೆ. ಗೌರಿಬಿದನೂರಿನವರು ಕಬಡ್ಡಿ ಬಿಟ್ಟುಕೊಡುವುದಿಲ್ಲ. ಚಿಂತಾಮಣಿಯವರಿಗೆ ಖೋಖೋ ಬೇಕು. ಶಿಡ್ಲಘಟ್ಟದವರು ವಾಲಿಬಾಲ್ ತಮ್ಮ ಅಜ್ಜನ ಆಸ್ತಿ ಎನ್ನುವಂತೆ ಕೂತಿರುತ್ತಾರೆ. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿ, ಪಾಪ, ಮೇಡಂಗೆ ಚೆಸ್ ಇರಲಿ ಎನ್ನುತ್ತಾರೆ.

ನಾನು ಚಿಕ್ಕಬಳ್ಳಾಪುರದ ಒಂದು ಕಾಲೇಜಿನವಳು. ನಮ್ಮ ಕಾಲೇಜಿಗೆ ಮೈದಾನವಿಲ್ಲ. ಹಿಂದೆ ಇತ್ತು. ಮೊದಲು ಅದರ ಒಂದು ಮೂಲೆಯಲ್ಲಿ ಪ್ರಯೋಗಾಲಯ ಎದ್ದಿತು, ಆಮೇಲೆ ಇನ್ನೊಂದು ಮೂಲೆಯಲ್ಲಿ ಗ್ರಂಥಾಲಯ. ವಿದ್ಯೆಗೆ ಅಡ್ಡ ಬರಬಾರದೆಂದು ನಾನು ಸುಮ್ಮನಿದ್ದೆ. ಉಳಿದ ಜಾಗಕ್ಕೆ ವಿದ್ಯಾರ್ಥಿಗಳ ಬೈಕುಗಳು ಬಂದು ನಿಂತವು. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ. ನಮಗೆ ಡೊಂಕು ಎನ್ನುವುದಕ್ಕೂ ಅಂಗಳ ಉಳಿಯಲಿಲ್ಲ.

ಹೀಗೆ ವರ್ಷವರ್ಷವೂ ಚೆಸ್ ನಡೆಸಿ ನಡೆಸಿ ನನಗೆ ರೇಗಿಹೋಗಿತ್ತು. ಒಂದು ಸಭೆಯಲ್ಲಿ ಮೇಜು ಗುದ್ದಿ, ಈ ಸಲ ಗುಡ್ಡಗಾಡು ಓಟ ನನಗೆ ಕೊಡಿ ಎಂದೆ. ಅದಕ್ಕೆ ಮೈದಾನವೇ ಬೇಡ. ರಸ್ತೆ ಸರ್ಕಾರದ್ದು, ಗುಡ್ಡ ದೇವರದ್ದು. ಸುಣ್ಣದ ಪುಡಿಯಲ್ಲಿ ಬಾಣದ ಗುರುತು ಹಾಕಿ, ನಾಲ್ಕು ಕೆಂಪು ಬಾವುಟ ನೆಟ್ಟರೆ ಆಯಿತು. ಯಾರಿಗೂ ಬೇಡವಾದ ಆಟವಾದ್ದರಿಂದ ಎಲ್ಲರೂ ಸಂತೋಷದಿಂದ ಒಪ್ಪಿದರು.

ನಾನು ಅಷ್ಟು ಹಟ ಹಿಡಿದದ್ದಕ್ಕೆ ಇನ್ನೊಂದು ಕಾರಣವಿತ್ತು. ಆ ವರ್ಷ ನಮ್ಮಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದ ಒಬ್ಬ ಹುಡುಗಿ ಇದ್ದಳು. ಶಿಡ್ಲಘಟ್ಟದ ಕಡೆಯ ಹಳ್ಳಿಯವಳು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಬೆಳಿಗ್ಗೆ ಸೊಪ್ಪು ಕೊಯ್ದು ಹಾಕಿ, ಬಸ್ಸಿಗೆ ಓಡಿ ಓಡಿಯೇ ಅವಳಿಗೆ ಆ ಕಾಲು ಬಂದಿತ್ತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಓಡುವಾಗ ಅವಳ ತಲೆ ಅಲುಗುತ್ತಿರಲಿಲ್ಲ, ಉಸಿರಿನ ಸದ್ದು ಕೇಳುತ್ತಿರಲಿಲ್ಲ. ಓದಿನಲ್ಲಿ ಮಾತ್ರ ಅಷ್ಟಕ್ಕಷ್ಟೆ. ಅವಳಿಗೆ ನನ್ನ ಹಾಗೆ ಆಟದ ಮೇಡಂ ಆಗಬೇಕಿತ್ತು. ಅದಕ್ಕೆ ಬಿ.ಪಿ.ಎಡ್. ಸೀಟು ಬೇಕು, ಅಂಕಗಳ ಮೇಲೆ ಅದು ಸಿಗುವ ಹಾಗಿರಲಿಲ್ಲ. ವಿಶ್ವವಿದ್ಯಾಲಯದ ತಂಡದಲ್ಲಿ ಒಮ್ಮೆ ಓಡಿದ ಪ್ರಮಾಣಪತ್ರ ಇದ್ದರೆ ಕೈ ಹಿಡಿಯುತ್ತಿತ್ತು. ನಮ್ಮ ಗುಡ್ಡಗಾಡು ಓಟದಲ್ಲಿ ಮೊದಲು ಬಂದ ಆರು ಮಂದಿಯೇ ಆ ತಂಡ. ಮೊದಲ ವರ್ಷ ಅವಳಿಗೆ ಜ್ವರ ಬಂದಿತ್ತು. ಎರಡನೆಯ ವರ್ಷ ಏಳನೆಯವಳಾದಳು. ಇದು ಕೊನೆಯ ಅವಕಾಶ. ಇದು ತಪ್ಪಿದರೆ ಅವಳ ಕಾಲಿನ ಉಪಯೋಗ ಬಸ್ಸು ಹಿಡಿಯುವುದಕ್ಕೆ ಮಾತ್ರ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಾನು ಓದುವ ಕಾಲಕ್ಕೆ ಈ ಭಾಗದ ಕಾಲೇಜುಗಳೆಲ್ಲ ಬೆಂಗಳೂರಿನ ಹಳೆಯ ವಿಶ್ವವಿದ್ಯಾಲಯದ ಕೆಳಗಿದ್ದವು. ಕ್ರೀಡಾಕೂಟ ಎಂದರೆ ಬೆಂಗಳೂರು. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಹಿಡಿದು ಮೊದಲ ಬಸ್ಸಿಗೆ ಹೋಗುತ್ತಿದ್ದೆವು. ಅಲ್ಲಿ ಮೊದಲ ಸಲ ಸಿಂಥೆಟಿಕ್ ಟ್ರ್ಯಾಕ್ ನೋಡಿದಾಗ, ಅಷ್ಟು ಕೆಂಪಗೆ ಚೊಕ್ಕಟವಾಗಿ ಇರುವುದನ್ನು ಕಂಡು, ಇದರ ಮೇಲೆ ಚಪ್ಪಲಿ ಬಿಟ್ಟು ಹೋಗಬೇಕೇನೋ ಎಂದುಕೊಂಡು ಕ್ಯಾನ್ವಾಸ್ ಶೂ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದೆ. ನಗರದ ಕಾಲೇಜಿನ ಹುಡುಗಿಯರು ನಕ್ಕರು. ಸಾವಿರದೈನೂರು ಮೀಟರಿನಲ್ಲಿ ನನ್ನ ಹಿಂದೆ ಒಬ್ಬಳೇ ಒಬ್ಬಳಿದ್ದಳು, ಅವಳಿಗೂ ಕಾಲು ಉಳುಕಿತ್ತು. ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ನಾನು ರಾಣಿಯ ಹಾಗೆ ಕೂತಿದ್ದೆ. ಆ ನೆಲದ ಮೇಲೆ ಓಡಿದ್ದೆನಲ್ಲ.

ಆಮೇಲೆ ನಾನು ಕೆಲಸಕ್ಕೆ ಸೇರಿದೆ. ಗೌರಿಬಿದನೂರಿನಲ್ಲಿ ಕೆಲವು ವರ್ಷ, ಚಿಂತಾಮಣಿಯಲ್ಲಿ ಕೆಲವು ವರ್ಷ ಇದ್ದು ಕೊನೆಗೆ ಊರಿಗೇ ಬಂದೆ. ಅಷ್ಟರಲ್ಲಿ ಹಳೆಯ ವಿಶ್ವವಿದ್ಯಾಲಯ ಪಾಲಾಗಿ ನಮ್ಮ ಕಾಲೇಜುಗಳೆಲ್ಲ ಹೊಸದರ ಪಾಲಿಗೆ ಬಂದವು. ಹೊಸ ಸಂಸಾರ ಹೂಡಿದವರಿಗೆ ಮೊದಲ ದಿನವೇ ಎಲ್ಲ ಸಾಮಾನು ಇರುವುದಿಲ್ಲ. ಹಾಗೆಯೇ ನಮಗೂ ಮೈದಾನ ಇರಲಿಲ್ಲ. ಜಿಲ್ಲಾ ಕ್ರೀಡಾಂಗಣ ಕೇಳಿ ಪಡೆದು ಅಥ್ಲೆಟಿಕ್ಸ್ ನಡೆಸಿದೆವು, ಹೈಸ್ಕೂಲುಗಳ ಅಂಗಳದಲ್ಲಿ ಕಬಡ್ಡಿ ಆಡಿಸಿದೆವು. ಮಕ್ಕಳು ಮಾತ್ರ ಖುಷಿಯಾಗಿದ್ದರು. ಮೊದಲು ನಗರದ ನೂರಾರು ಕಾಲೇಜುಗಳ ನಡುವೆ ಕಾಣದೆ ಹೋಗುತ್ತಿದ್ದ ನಮ್ಮ ಹುಡುಗರು ಈಗ ಗೆಲ್ಲತೊಡಗಿದರು. ಹೊಸ ವಿಶ್ವವಿದ್ಯಾಲಯದಿಂದ ದಿಗಿಲು ಹುಟ್ಟಿದ್ದು ಹಳ್ಳಿಯ ಜನಕ್ಕೆ. ಯೂನಿವರ್ಸಿಟಿಗೆ ಜಮೀನು ಹುಡುಕುತ್ತಿದ್ದಾರೆ, ಇಲ್ಲಿ ಬರುತ್ತದಂತೆ, ಅಲ್ಲಿ ಬರುತ್ತದಂತೆ ಎಂಬ ಸುದ್ದಿ ಒಂದು ಹೋಬಳಿಯಿಂದ ಇನ್ನೊಂದಕ್ಕೆ ತಿರುಗುತ್ತಲೇ ಇತ್ತು. ವಿಮಾನ ನಿಲ್ದಾಣ ಹತ್ತಿರ ಬಂದ ಮೇಲೆ ನಮ್ಮ ಕಡೆ ಪ್ಯಾಂಟು ಹಾಕಿದ ಇಬ್ಬರು ಹೊಲದ ಬದುವಿನ ಮೇಲೆ ನಿಂತರೆ ಸಾಕು, ಏನು ಬರ್ತದೆ ಸ್ವಾಮಿ ಇಲ್ಲಿ ಎಂದು ಕೇಳುತ್ತಾರೆ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಓಟದ ದಾರಿಗೆ ಮಂಡಿಕಲ್ ಹೋಬಳಿಯ ಒಂದು ಹಳ್ಳಿಯನ್ನು ಆರಿಸಿಕೊಂಡೆ. ಹೈಸ್ಕೂಲಿನ ಮುಂದೆ ಹೊರಟು, ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಹೋಗಿ, ನೀಲಗಿರಿ ತೋಪಿನ ಹತ್ತಿರ ಎಡಕ್ಕೆ ತಿರುಗಿ, ಕೆರೆ ಏರಿಯ ಮೇಲೆ ಓಡಿ, ಮಣ್ಣುದಾರಿಯಲ್ಲಿ ಮತ್ತೆ ಹೈಸ್ಕೂಲಿಗೆ ಬರಬೇಕು. ಹಿಂದಿನ ದಿನ ಮಧ್ಯಾಹ್ನ ನಾನು, ನಮ್ಮ ಅಟೆಂಡರ್ ಇಬ್ಬರೂ ದಾರಿಯುದ್ದಕ್ಕೂ ಗುರುತು ಹಾಕುತ್ತಾ ಹೋದೆವು. ನನ್ನ ಕೈಯಲ್ಲಿ ದೂರ ಅಳೆಯುವ ಚಕ್ರ, ಅವನ ಹೆಗಲ ಮೇಲೆ ಸುಣ್ಣದ ಚೀಲ, ಕಂಕುಳಲ್ಲಿ ಕೆಂಪು ಬಾವುಟಗಳು. ಅಲ್ಲಲ್ಲಿ ಜನ ನಿಂತು ಏನು ಎಂದು ಕೇಳಿದರು. ನಾನು ಲೆಕ್ಕ ತಪ್ಪಬಾರದೆಂದು ಚಕ್ರದ ಮೇಲೇ ಕಣ್ಣಿಟ್ಟಿದ್ದೆ. ಅಟೆಂಡರ್ ಮಾತ್ರ ಗತ್ತಿನಿಂದ, ಯೂನಿವರ್ಸಿಟಿ ಕೆಲಸ ಎಂದು ಉತ್ತರ ಕೊಟ್ಟುಕೊಂಡು ಬಂದ. ಓಟ ಎಂದು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಾವು ಆ ಕಡೆ ಬೆನ್ನು ತಿರುಗಿಸುವಷ್ಟರಲ್ಲಿ ಊರೆಲ್ಲ ಸುದ್ದಿ: ಯೂನಿವರ್ಸಿಟಿಯವರು ಬಂದು ಅಳತೆ ಮಾಡಿ ಸುಣ್ಣ ಹಾಕಿದ್ದಾರೆ, ಬಾವುಟ ನೆಟ್ಟಿದ್ದಾರೆ, ಬೆಳಿಗ್ಗೆ ದೊಡ್ಡವರೇ ಬರುತ್ತಾರಂತೆ. ಏರಿಯ ಕೆಳಗೆ ದ್ರಾಕ್ಷಿ, ಸೇವಂತಿಗೆ ಬೆಳೆದುಕೊಂಡಿದ್ದವರ ಎದೆ ಒಡೆಯಿತು. ಅವರು ಹೋಗಿ ಎಡಕ್ಕೆ ತಿರುಗಿದ್ದ ಬಾಣಗಳನ್ನೆಲ್ಲ ಅಳಿಸಿ, ಬಾವುಟ ಕಿತ್ತು ನೀಲಗಿರಿ ತೋಪಿನೊಳಗೆ ಎಸೆದರು. ತೋಪಿನ ಬಲಗಡೆ ಕಲ್ಲುಗುಡ್ಡದ ಇಳಿಜಾರಿನಲ್ಲಿ ಹುರುಳಿಯೂ ಸರಿಯಾಗಿ ಬೆಳೆಯದ ಭೂಮಿ ಇದ್ದ ಒಬ್ಬಾತನಿಗೆ ಮಾತ್ರ ಇದು ದೇವರು ಕೊಟ್ಟ ವರದ ಹಾಗೆ ಕಂಡಿತು. ಸರ್ಕಾರ ತೆಗೆದುಕೊಳ್ಳುವುದೇ ಆದರೆ ನನ್ನದನ್ನು ತೆಗೆದುಕೊಳ್ಳಲಿ ಎಂದು ಅವನು ಮನೆಯ ಸುಣ್ಣ ತಂದು ತೋಪಿನಿಂದ ತನ್ನ ಬಾಗಿಲವರೆಗೆ ಹೊಸ ಬಾಣ ಬರೆದ. ಇದೆಲ್ಲ ನನಗೆ ಮಾರನೆಯ ದಿನ ತಿಳಿದದ್ದು.

ಬೆಳಿಗ್ಗೆ ಮಂಜು ಕವಿದಿತ್ತು. ನಮ್ಮ ಕಡೆಯ ಚಳಿಗಾಲದ ಮಂಜು. ಹೈಸ್ಕೂಲಿನ ಗೇಟಿನಲ್ಲಿ ನಿಂತರೆ ಧ್ವಜಸ್ತಂಭ ಕಾಣುತ್ತಿರಲಿಲ್ಲ. ಮೊದಲು ಹುಡುಗಿಯರ ಓಟ. ವಿಶ್ವವಿದ್ಯಾಲಯದಿಂದ ವೀಕ್ಷಕರಾಗಿ ಬಂದಿದ್ದ ಹಿರಿಯರು ಸ್ವಲ್ಪ ಕಾಯೋಣವೇ ಎಂದರು. ಬಿಸಿಲು ಏರಿದರೆ ಹುಡುಗರ ಓಟಕ್ಕೆ ಕಷ್ಟ ಎಂದು ನಾನು ಹೊರಡಿಸಿಬಿಟ್ಟೆ. ನಮ್ಮ ಹುಡುಗಿಗೆ ಕಿವಿಯಲ್ಲಿ, ಮೊದಲೇ ಮುಂದೆ ಹೋಗಿಬಿಡು, ತಲೆ ಓಡಿಸಬೇಡ, ಬಾಣ ನೋಡಿಕೊಂಡು ಹೋಗು ಎಂದೆ. ಸೀಟಿ ಊದಿದ್ದೇ ತಡ, ಎಲ್ಲರೂ ಮಂಜಿನೊಳಗೆ ಮಾಯವಾದರು.

ಮುಂದೆ ದಾರಿ ತೋರಿಸಲು ಬೈಕಿನಲ್ಲಿ ಒಬ್ಬ ಇದ್ದ. ಆದರೆ ನೀಲಗಿರಿ ತೋಪಿನ ಕಾಲುದಾರಿಯಲ್ಲಿ ಬೈಕು ಹೋಗುವುದಿಲ್ಲ. ಅವನು ಸುತ್ತು ರಸ್ತೆಯಲ್ಲಿ ಹೋಗಿ ಕೆರೆ ಏರಿಯ ಆ ತುದಿಯಲ್ಲಿ ಕಾಯಬೇಕೆಂದು ಏರ್ಪಾಟು. ಕಾದ. ಕಾದು ಕಾದು ನನಗೆ ಫೋನು ಮಾಡಿದ: ಮೇಡಂ, ಯಾರೂ ಬರಲಿಲ್ಲ.

ನಾನು ನಗುತ್ತಾ, ಮಂಜಲ್ಲವಾ, ನಿಧಾನ ಆಗಿರಬೇಕು ಎಂದೆ. ಎರಡನೆಯ ಸಲ ಫೋನು ಬಂದಾಗ ನಗು ಬರಲಿಲ್ಲ. ಕಲ್ಲುಗುಡ್ಡದ ಆಚೆ ಹಳೆಯ ಕ್ವಾರಿ ಗುಂಡಿಗಳಿವೆ, ಅವುಗಳಲ್ಲಿ ಆಳಕ್ಕೆ ನೀರು ನಿಂತಿದೆ ಎಂಬುದು ನೆನಪಾಯಿತು. ಅಷ್ಟು ಹೆಣ್ಣುಮಕ್ಕಳು, ಕಣ್ಣು ಕಾಣದ ಮಂಜು, ಓಡುವ ರಭಸ. ಆ ಹೊತ್ತಿನಲ್ಲಿ ತಂಡ, ಸೀಟು, ಪ್ರಮಾಣಪತ್ರ ಎಲ್ಲ ಮರೆತುಹೋಯಿತು. ಒಬ್ಬಳಿಗೆ ಏನಾದರೂ ಆದರೂ ನಾನು ಅವರ ಅಮ್ಮನಿಗೆ ಏನು ಹೇಳಲಿ ಎಂಬುದೊಂದೇ. ವೀಕ್ಷಕರನ್ನೂ ಉಳಿದ ಕಾಲೇಜುಗಳ ನಿರ್ದೇಶಕರನ್ನೂ ಜೀಪಿನಲ್ಲಿ ಬನ್ನಿ ಎಂದು ಕೂಗಿ, ನಾನು ಅಟೆಂಡರ್ ಬೈಕಿನ ಹಿಂದೆ ಹತ್ತಿದೆ.

ತೋಪಿನವರೆಗೆ ಬೈಕಿನಲ್ಲಿ ಹೋಗಿ, ಅಲ್ಲಿಂದ ಇಬ್ಬರೂ ಓಡಿದೆವು. ಎಡಕ್ಕೆ ತಿರುಗುವ ಜಾಗದಲ್ಲಿ ನಮ್ಮ ಬಾಣವಿರಲಿಲ್ಲ. ಬಲಕ್ಕೆ ಒಂದು ಬಾಣವಿತ್ತು. ಅದು ನನ್ನದಲ್ಲವೆಂದು ನೋಡಿದ ಕೂಡಲೇ ತಿಳಿಯಿತು. ನಾನು ಬಾಣ ಹಾಕಿದರೆ ಕೋಳಿ ಕೆದರಿದ ಹಾಗಿರುತ್ತದೆ. ಇದು ರಂಗೋಲಿಯ ಹಾಗೆ ಅಚ್ಚುಕಟ್ಟಾಗಿತ್ತು. ಆ ಅಚ್ಚುಕಟ್ಟು ಬಾಣಗಳನ್ನು ಹಿಡಿದು ಗುಡ್ಡದ ಇಳಿಜಾರಿಗೆ ಹೋದೆವು. ದೊಡ್ಡ ಬಂಡೆಯೊಂದರ ಹತ್ತಿರ ದಾರಿ ಎರಡಾಗುತ್ತಿತ್ತು, ಒಂದು ಕ್ವಾರಿಯ ಕಡೆಗೆ. ಅಲ್ಲಿಯೂ ಬಾಣವಿತ್ತು, ಕ್ವಾರಿಯ ಕಡೆಗಲ್ಲ, ಈಚೆ ದಾರಿಯ ಕಡೆಗೆ. ಅದನ್ನು ನೋಡಿ ಸ್ವಲ್ಪ ಉಸಿರು ಬಂತು. ಇನ್ನಷ್ಟು ಮುಂದೆ ಹೋದರೆ ಹೆಣ್ಣುಮಕ್ಕಳ ನಗು ಕೇಳಿಸಿತು.

ಒಂದು ಹೆಂಚಿನ ಮನೆ. ಅಂಗಳದಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು. ಎದೆಯ ಮೇಲೆ ನಂಬರು ಅಂಟಿಸಿಕೊಂಡ ನನ್ನ ಹುಡುಗಿಯರೆಲ್ಲ, ಎಂಟು ಕಾಲೇಜಿನ ಹುಡುಗಿಯರು, ಮದುವೆ ಮನೆಯ ಬೀಗರ ಹಾಗೆ ಕೂತು ಬೆಲ್ಲದ ಕಾಫಿ ಕುಡಿಯುತ್ತಾ ಬಾಳೆಹಣ್ಣು ತಿನ್ನುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಮನೆಯ ಯಜಮಾನ ಓಡಿಬಂದು ಕೈಮುಗಿದ. ದೊಡ್ಡವರು ಬರುವ ಮೊದಲು ವಿದ್ಯಾರ್ಥಿಗಳನ್ನು ಜಾಗ ನೋಡಲು ಕಳಿಸಿದ್ದೀರಿ, ಬಹಳ ಒಳ್ಳೆಯದಾಯಿತು ಎಂದ. ನಾನು ತಲೆಗಳನ್ನು ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ಎಲ್ಲರೂ ಇದ್ದರು. ಹೋದ ಜೀವ ಬಂದ ಹಾಗಾಗಿ ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತೆ. ಯಾರನ್ನು ಬೈಯಬೇಕೆಂದೂ ತೋಚಲಿಲ್ಲ, ಅಷ್ಟು ಸಮಾಧಾನವಾಗಿತ್ತು.

ಫೋನು ಮಾಡಿದ ಮೇಲೆ ಸುತ್ತು ರಸ್ತೆಯಲ್ಲಿ ಜೀಪು ಬಂತು. ವೀಕ್ಷಕರು ಸಮಾಧಾನದ ಮನುಷ್ಯ. ಯಜಮಾನನಿಂದ ಎಲ್ಲ ಕೇಳಿ ತಿಳಿದು, ತಲೆ ಕೆರೆದುಕೊಂಡು, ದಾರಿ ತಪ್ಪಿದರೂ ಎಲ್ಲರೂ ತಪ್ಪಿದ್ದು ಒಂದೇ ದಾರಿಯಲ್ಲಿ, ಇಷ್ಟು ಓಡಿದವರನ್ನು ಇವತ್ತು ಮತ್ತೆ ಓಡಿಸಲು ಆಗುವುದಿಲ್ಲ, ಈ ಅಂಗಳವೇ ಗುರಿ ಎಂದುಕೊಳ್ಳೋಣ ಎಂದರು. ಬಂದವರು ಬಂದ ಹಾಗೆ ಮೊದಲ ಕುರ್ಚಿಯಿಂದ ಕೂತಿದ್ದಾರೆ, ಅದೇ ಕ್ರಮ. ಎಲ್ಲ ನಿರ್ದೇಶಕರೂ ಒಪ್ಪಿದರು. ವೀಕ್ಷಕರು ಮೊದಲ ಕುರ್ಚಿಯಿಂದ ಹೆಸರು ಬರೆಯತೊಡಗಿದರು. ಮೊದಲ ಕುರ್ಚಿಯಲ್ಲಿ ಚಿಂತಾಮಣಿ ಕಡೆಯ ಹುಡುಗಿ. ಎರಡು, ಮೂರು, ನಾಲ್ಕು, ಐದು, ಆರು. ನಮ್ಮ ಹುಡುಗಿ ಯಾವ ಕುರ್ಚಿಯಲ್ಲೂ ಇರಲಿಲ್ಲ.

ಅವಳು ಒಲೆಯ ಹತ್ತಿರ ಇದ್ದಳು. ಮೈಮೇಲೆ ಯಾರದೋ ಹಳೆಯ ಸ್ವೆಟರ್. ಯಜಮಾನನ ಮುದಿ ತಾಯಿ ಕಾಫಿ ಬಗ್ಗಿಸಿ ಕೊಡುತ್ತಿದ್ದರು, ಇವಳು ಲೋಟ ತಂದು ಎಲ್ಲರಿಗೂ ಹಂಚುತ್ತಿದ್ದಳು.

ಇವಳು ಯಾವಾಗ ಬಂದಳು ಎಂದು ವೀಕ್ಷಕರು ಕೇಳಿದರು. ಚಿಂತಾಮಣಿಯ ಹುಡುಗಿ, ನಾನು ಬಂದಾಗ ಅವಳು ಇಲ್ಲೇ ಇದ್ದಳು ಸರ್, ಕಾಫಿ ಕೊಟ್ಟಳು, ಮನೆಯವಳು ಎಂದುಕೊಂಡೆ ಎಂದಳು. ಹಾಗಾದರೆ ಇವಳೇ ಮೊದಲು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಆ ಹುಡುಗಿಯ ನಿರ್ದೇಶಕರು ಮುಂದೆ ಬಂದರು.

"ತಪ್ಪು ತಿಳ್ಕೋಬೇಡಿ ಮೇಡಂ. ನಿಮ್ಮ ಹುಡುಗಿಗೆ ಈ ದಾರಿಯೆಲ್ಲ ಗೊತ್ತಿರ್ತದೆ. ಈ ಮಂಜಲ್ಲಿ ಯಾವ ಅಡ್ಡದಾರೀಲಿ ಬಂದ್ಲೋ ಯಾರು ನೋಡಿದ್ರು? ಓಡಿ ಬಂದೋಳು ಸುಸ್ತಾಗಿ ಕೂತ್ಕೋತಾಳೆ. ಕಾಫಿ ಹಂಚ್ತಾಳಾ?"

ಕೋಪ ಬಂದರೂ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಅದನ್ನೇ ಇನ್ನೂ ಜೋರಾಗಿ ಕೇಳುತ್ತಿದ್ದೆ. ಮದುವೆ ಮಾಡುವವರೇ ಮೊದಲ ಪಂಕ್ತಿಗೆ ಕೂರುವಂತಿಲ್ಲ. ಓಟ ನಡೆಸುವವಳು ನಾನು, ನನ್ನ ಹುಡುಗಿಯ ಪರ ನಾನೇ ವಾದಿಸಿದರೆ ಯಾರು ನಂಬುತ್ತಾರೆ? ಬಾಣದ ದಾರಿಯಲ್ಲಿ ಬಂದದ್ದನ್ನು ಯಾರಾದರೂ ನೋಡಿದ್ದರೆ ಹೇಳಲಿ, ಇಲ್ಲದಿದ್ದರೆ ಕುರ್ಚಿಯ ಕ್ರಮವೇ ಎಂದರು ವೀಕ್ಷಕರು.

ನಾನು ಅವಳನ್ನು ದನದ ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದೆ. ಎಲ್ಲಿಂದ ಬಂದೆ ಎಂದು ಕೇಳಿದೆ. ಬಾಣದ ಮೇಲೇ ಬಂದೆ ಎಂದಳು. ಎಡಕ್ಕೆ ಹೋಗಬೇಕೆಂದು ನಿನ್ನೆ ನಾನು ಹೇಳಿದ್ದು ನೆನಪಿರಲಿಲ್ಲವೇ ಎಂದರೆ, ನೀವೇ ರಾತ್ರಿ ಬದಲಾಯಿಸಿರಬೇಕು ಅಂದುಕೊಂಡೆ, ತಲೆ ಓಡಿಸಬೇಡ ಅಂದಿದ್ದಿರಿ ಎಂದಳು.

"ಯಾರಾದ್ರೂ ನೋಡಿದ್ರೇನೇ?"

"ನೋಡಿದ್ದಾರೆ ಮೇಡಂ."

"ಯಾರು?"

"ಹೇಳಲ್ಲ. ಮಾತು ಕೊಟ್ಟಿದೀನಿ."

ನನಗೆ ಎಲ್ಲಿತ್ತೋ ಸಿಟ್ಟು. ಮೂರು ವರ್ಷ ಬೆಳಗಿನ ನಿದ್ದೆ ಕೆಡಿಸಿಕೊಂಡು ಇವಳನ್ನು ಓಡಿಸಿದ್ದೇನೆ, ಕೈಗೆ ಬಂದ ತುತ್ತು ಬಾಯಿಗೆ ಬರುವ ಹೊತ್ತಿನಲ್ಲಿ ಇವಳು ಮಾತು ಕೊಟ್ಟಿದ್ದಾಳಂತೆ. ಬಾಯಿಗೆ ಬಂದದ್ದೆಲ್ಲ ಅಂದೆ. ಮೋಸ ಮಾಡಿದವಳು ಎನ್ನುತ್ತಾರೆ ನಿನ್ನನ್ನು, ಜೊತೆಗೆ ನನ್ನನ್ನೂ ಎಂದೆ. ಅವಳು ಕಣ್ಣೀರು ಒರೆಸಿಕೊಂಡಳೇ ಹೊರತು ತುಟಿ ಬಿಚ್ಚಲಿಲ್ಲ. ನನ್ನ ದನಿ ಅಂಗಳಕ್ಕೆಲ್ಲ ಕೇಳಿಸಿರಬೇಕು. ಯಜಮಾನನ ತಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಕೊಟ್ಟಿಗೆಯ ಹಿಂದೆ ಬಂದು ನಿಂತರು. ನನ್ನ ಮುಖ ನೋಡಲಿಲ್ಲ. ಸಣ್ಣ ದನಿಯಲ್ಲಿ ಕೇಳಿದರು:

"ಮೇಡಮ್ಮಾ, ಯೂನಿವರ್ಸಿಟಿಯೋರು ಹಾಕಿದ ಗೆರೆ ಅಳಿಸಿದ್ರೆ ಜೈಲಿಗೆ ಹಾಕ್ತಾರಾ?"

ನನಗೆ ಮೊದಲು ಅರ್ಥವಾಗಲಿಲ್ಲ. ನಿಧಾನವಾಗಿ ಕೇಳಿದಾಗ ಒಂದೊಂದೇ ಮಾತು ಹೊರಬಂತು. ಮಗ ಜಮೀನು ಕೊಡುತ್ತೇನೆ ಎನ್ನುತ್ತಾನೆ. ಹುರುಳಿ ಬೆಳೆಯಲಿ ಬಿಡಲಿ, ಅವರಿಗೆ ಅದು ಮಾವ ಕಲ್ಲು ಒಡೆದು ಮಾಡಿದ ಭೂಮಿ. ಬಾಗಿಲವರೆಗೆ ಬಂದಿದ್ದ ಬಾಣಗಳನ್ನು ಯೂನಿವರ್ಸಿಟಿಯವರೇ ಹಾಕಿದ್ದೆಂದುಕೊಂಡು, ಬೆಳಿಗ್ಗೆ ಪೊರಕೆ ಹಿಡಿದು ಬಂಡೆಯ ಹತ್ತಿರ ಹೋಗಿ ಅಲ್ಲಿನ ಬಾಣ ಗುಡಿಸಿಹಾಕಿದ್ದರು. ಆಗಲೇ ಮಂಜಿನೊಳಗಿಂದ ಈ ಹುಡುಗಿ ಓಡಿಬಂದು ಎದುರಿಗೆ ನಿಂತಳು. ಆ ಕಡೆ ಕ್ವಾರಿ ಗುಂಡಿ ಇದೆ, ಹೋಗಬೇಡ ಎಂದರು ಇವರು. ಅಜ್ಜಿ, ಅಳಿಸಬೇಡಿ, ಹಿಂದೆ ಇನ್ನೂ ಹುಡುಗಿಯರು ಬರುತ್ತಿದ್ದಾರೆ, ದಾರಿ ತಪ್ಪಿ ಆ ಕಡೆ ಗುಂಡಿಗೆ ಹೋಗಿಬಿಟ್ಟಾರು ಎಂದಳು. ಗುಡಿಸಿದ್ದ ಸುಣ್ಣವನ್ನೆಲ್ಲ ಅಂಗೈಯಲ್ಲಿ ಬಾಚಿ, ಮೊಣಕಾಲೂರಿ ಬಾಣವನ್ನು ಮತ್ತೆ ಬರೆದಳು. ಯಾರಿಗೂ ಹೇಳಬೇಡಮ್ಮ ಎಂದು ಇವರು ಅವಳ ಗಲ್ಲ ಹಿಡಿದು ಬೇಡಿಕೊಂಡರು. ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಳು. ಚಳಿಗೆ ಮೈ ನಡುಗುತ್ತಿದ್ದವಳಿಗೆ ಇವರೇ ತಮ್ಮ ಸ್ವೆಟರ್ ತೊಡಿಸಿ ಮನೆಗೆ ಕರೆತಂದದ್ದು.

ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಆ ಸುಣ್ಣ ಸರ್ಕಾರದ್ದಲ್ಲ ಎಂದೆ. ಇಲ್ಲಿನದು ನಿಮ್ಮ ಮಗ ಬರೆದದ್ದು, ಊರ ಕಡೆಯ ಬಾಣ ಹಾಕಿದವಳು ನಾನು, ಈ ಮಕ್ಕಳು ಓಡಲಿ ಎಂದು ಹಾಕಿದ್ದು, ಮಳೆ ಬಂದರೆ ತಾನೇ ಹೋಗುತ್ತದೆ ಎಂದೆ. ಯಾರೂ ಯಾರ ಜಮೀನನ್ನೂ ತೆಗೆದುಕೊಳ್ಳಲು ಬಂದಿಲ್ಲ. ಅವರು ನನ್ನನ್ನೂ ಅವಳನ್ನೂ ನೋಡಿದರು.

"ಬರೀ ಓಡಕ್ಕಾ?"

"ಬರೀ ಓಡಕ್ಕೆ, ಅಜ್ಜಿ."

"ಅಯ್ಯೋ ದೇವುಡಾ," ಎಂದು ಅವರು ಗೋಡೆಗೆ ಒರಗಿದರು. ಬೊಚ್ಚುಬಾಯಲ್ಲಿ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. "ಓಡೋರು ನೆಲ ಎತ್ಕೊಂಡು ಹೋಗ್ತಾರಾ? ಓಡ್ಲಿ ಬಿಡಮ್ಮ. ದಿನಾ ಬಂದು ಓಡ್ಲಿ."

ಆಮೇಲೆ ಅವರು ಯಾರನ್ನೂ ಕಾಯಲಿಲ್ಲ. ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು ಅಂಗಳದ ನಡುವೆ ಹೋಗಿ ನಿಂತರು. ಮಗನ ಮುಂದೆ, ವೀಕ್ಷಕರ ಮುಂದೆ, ಅಷ್ಟೂ ನಿರ್ದೇಶಕರ ಮುಂದೆ, ಬಾಣ ಗುಡಿಸಿದವಳು ನಾನು, ಈ ಮಗು ಬಾಣದ ಮೇಲೇ ಎಲ್ಲರಿಗಿಂತ ಮೊದಲು ಬಂತು, ನಂಬದಿದ್ದರೆ ಬಂದು ನೋಡಿ ಎಂದರು. ಎಲ್ಲರೂ ಬಂಡೆಯವರೆಗೆ ಹೋದೆವು. ಅಷ್ಟು ಹೊತ್ತಿಗೆ ಮಂಜು ಕರಗಿತ್ತು. ಉಳಿದ ಬಾಣಗಳೆಲ್ಲ ಅಚ್ಚುಕಟ್ಟಾಗಿದ್ದವು. ಬಂಡೆಯ ಹತ್ತಿರದ್ದೊಂದೇ ಮಣ್ಣು ಬೆರೆತು ಮಸುಕುಮಸುಕಾಗಿ, ಮೇಲೆಲ್ಲ ಅಂಗೈ ಗುರುತು ಇತ್ತು. ಅದರ ಮೇಲೆ ಹಿಂದೆ ಬಂದವರ ಶೂ ಗುರುತುಗಳು ಬಿದ್ದಿದ್ದವು. ಚಿಂತಾಮಣಿಯ ನಿರ್ದೇಶಕರು ಬಗ್ಗಿ ನೋಡಿದರು. ಎದ್ದು ನನ್ನ ಕಡೆ ತಿರುಗದೆ ನೇರವಾಗಿ ನಮ್ಮ ಹುಡುಗಿಯ ಹತ್ತಿರ ಹೋಗಿ, ಸಾರಿ ಕಣಮ್ಮ ಎಂದರು. ಅವರ ಹುಡುಗಿ ಇವಳನ್ನು ತಬ್ಬಿಕೊಂಡಳು. ಅವಳೂ ತಂಡದಲ್ಲೇ ಇದ್ದಳಲ್ಲ, ಎರಡನೆಯವಳಾಗಿ.

ವೀಕ್ಷಕರು ಬರೆದಿದ್ದ ಹಾಳೆಯನ್ನು ಹರಿದು, ಹೊಸ ಹಾಳೆಯಲ್ಲಿ ಮೊದಲಿಗೆ ಇವಳ ಹೆಸರು ಬರೆದರು. ಯಜಮಾನ ಮಾತ್ರ ಜಮೀನಿನ ಕಾಗದ ಇಟ್ಟಿದ್ದ ಪ್ಲಾಸ್ಟಿಕ್ ಕವರು ಹಿಡಿದು, ಮುಂದಿನ ವರ್ಷವಾದರೂ ತೆಗೆದುಕೊಳ್ಳುತ್ತಾರಾ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ದ್ರಾಕ್ಷಿ ತೋಟದವರು ಸುದ್ದಿ ತಿಳಿದು ನಗುತ್ತಾ ಬಂದರು. ಹುಡುಗರ ಓಟಕ್ಕೆ ಅವರೇ ಹೊಸದಾಗಿ ಬಾಣ ಹಾಕಿಕೊಟ್ಟು, ಒಂದೊಂದು ಬಾಣಕ್ಕೂ ಒಬ್ಬೊಬ್ಬರು ಕಾವಲು ನಿಂತರು.

ಎಲ್ಲ ಮುಗಿದ ಮೇಲೆ ನಾನು ಅದೇ ಅಂಗಳದಲ್ಲಿ, ಖಾಲಿಯಾಗಿದ್ದ ಒಂದು ಕುರ್ಚಿಯಲ್ಲಿ ಕೂತೆ. ಬಹಳ ವರ್ಷಗಳಿಂದ ನನಗೆ ಅಷ್ಟು ಸುಖವಾಗಿರಲಿಲ್ಲ. ಅವಳು ನನಗೂ ಒಂದು ಲೋಟ ಕಾಫಿ ತಂದಳು. ನಾನು ಸಿಟ್ಟಿನ ಮುಖ ಮಾಡಿಕೊಂಡೆ.

"ಅಜ್ಜಿ ಬಾಯಿ ಬಿಡದೇ ಇದ್ದಿದ್ರೆ ಏನೇ ಮಾಡ್ತಿದ್ದೆ? ಸೀಟು ಹೋಗ್ತಿತ್ತಲ್ಲೇ."

"ಹೋಗ್ತಿತ್ತು ಮೇಡಂ," ಎಂದಳು. "ಗೆರೆ ಅಳಿಸಿದ್ದಕ್ಕೆ ಅಜ್ಜಿ ಮೇಲೆ ಕೇಸ್ ಹಾಕ್ತಾರೇನೋ ಅಂತ ನನಗೂ ನಿಜವಾಗ್ಲೂ ಭಯ ಇತ್ತು. ಈ ವಯಸ್ಸಲ್ಲಿ ಅಜ್ಜಿ ಸ್ಟೇಷನ್ನಿಗೆ ಅಲೀಬೇಕು. ನನಗೆ ಸೀಟು ಸಿಗ್ದಿದ್ರೆ ಹುಳಕ್ಕೆ ಸೊಪ್ಪು ಹಾಕ್ಕೊಂಡಿರ್ತಿದ್ದೆ, ಅಷ್ಟೇ ಅಲ್ವಾ?"

ಬೈಯಬೇಕೆಂದು ಬಾಯಿ ತೆರೆದವಳು ಅವಳ ತಲೆಯ ಮೇಲೆ ಕೈಯಿಟ್ಟು, ಅಲ್ಲೇ ಎಲ್ಲರ ಎದುರಿಗೆ ಅತ್ತುಬಿಟ್ಟೆ.